ಚಿತ್ತಾರದ ಎಳೆಗಳಿಗೆ ಒದಗಿದ ಕ್ರಿಟಾ

ಸಾಗರ, ಸೊರಬ ಕಡೆಯ ದೀವರ ಮನೆಗಳ ಹಸೆ ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಬಿಡಿಸಲು ಹೊರಟವರಿಗೆ ಚಿತ್ರ ಬರೆಯುವ ತಂತ್ರಾಂಶದ ಯೋಗ್ಯತೆ ಬೇಗ ತಿಳಿದುಬಿಡುತ್ತದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ, ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆಯುವ ಆ ಗೆರೆಗಳು ತೀರ ಸಣ್ಣವು, ಒಂದರ ಪಕ್ಕ ಒಂದು ಒತ್ತಾಗಿ ಕೂತಂಥವು. ಅವಿರುವ ಲೇಯರನ್ನು (ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಂಥ ಪದರಗಳಲ್ಲಿ ಒಂದನ್ನು) ಕುಗ್ಗಿಸಿ, ತಿರುಗಿಸಿ, ಓರೆ ಮಾಡಿದಾಗ ಎಳೆ ಎಳೆಯಾಗಿಯೇ ಉಳಿಯುತ್ತವೆಯೇ, ಮಸುಕಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆಯೇ ಎಂಬುದನ್ನೇ ನಾನು ಮುಖ್ಯವಾಗಿ ನೋಡುತ್ತೇನೆ. ಮುಕ್ತ ತಂತ್ರಾಂಶಗಳನ್ನು ರೂಪಿಸುವ ಕೆಡಿಇ ಸಮುದಾಯದಿಂದ ಬಂದ, ತನ್ನ ಜಾಲತಾಣದಲ್ಲಿ ಉಚಿತವಾಗಿಯೇ ಸಿಗುವ ಚಿತ್ರ ಬರೆಯುವ ತಂತ್ರಾಂಶ ಕ್ರಿಟಾ ಈ ವಿಷಯದಲ್ಲಿ ನನಗೆ ಬಹಳ ಮೆಚ್ಚುಗೆಯಾಗಿದೆ.

ಕಂಟ್ರೋಲ್ ಮತ್ತು ಟಿ ಒತ್ತಿದರೆ ಚಿತ್ರದ ಅಳತೆ, ಆಕಾರ ಬದಲಿಸುವ ಟ್ರಾನ್ಸ್‌ಫಾರ್ಮ್ ಸಲಕರಣೆ ತೆರೆದುಕೊಳ್ಳುತ್ತದೆ. ಅದರ ಪರ್ಸ್ಪೆಕ್ಟಿವ್ ವಿಧಾನದಲ್ಲಿ, ನೇರವಾಗಿ ಬರೆದ ಚಿತ್ತಾರದ ನಾಲ್ಕು ಮೂಲೆಗಳನ್ನು ಎಳೆದು, ಓರೆಯಾಗಿ ಕಾಣುವ ಜಗಲಿಯ ಗೋಡೆಗೆ ಸರಿಯಾಗಿ ಕೂರಿಸಬಹುದು. ಚಿತ್ರವನ್ನು ಬೇಕಾದಂತೆ ಬಾಗಿಸುವ, ಎಳೆಯುವ ವಾರ್ಪ್, ಕೇಜ್, ಲಿಕ್ವಿಫೈ ವಿಧಾನಗಳೂ ಇವೆ. ಒಂದೇ ಅಡಿಕೆ ಮರವನ್ನು ನಕಲು ಮಾಡಿ, ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಬಾಗಿಸಿ ತೋಟ ತುಂಬಿಸಲು ಅವು ಸಾಕು.

ಆದರೆ ಲೇಯರನ್ನು ಹೀಗೆ ಬದಲಿಸಿದಾಗಲೆಲ್ಲ ತಂತ್ರಾಂಶವು ಪಿಕ್ಸೆಲ್‌ಗಳನ್ನು, ಅಂದರೆ ಚಿತ್ರವಾಗಿರುವ ಪುಟ್ಟ ಬಣ್ಣದ ಚೌಕಗಳನ್ನು, ಅಕ್ಕಪಕ್ಕದವುಗಳೊಂದಿಗೆ ಬೆರೆಸಿ ಹೊಸದಾಗಿ ಲೆಕ್ಕ ಹಾಕುತ್ತದೆ. ಬದಲಾದ ಲೇಯರನ್ನೇ ಮತ್ತೆ ಮತ್ತೆ ಬದಲಿಸುತ್ತ ಹೋದರೆ ಸಣ್ಣ ಗೆರೆಗಳು ಕರಗಿಹೋಗುತ್ತವೆ. ಕ್ರಿಟಾದ ಟ್ರಾನ್ಸ್‌ಫಾರ್ಮ್ ಮಾಸ್ಕ್ ಬೆಲೆಬಾಳುವುದು ಇಲ್ಲಿಯೇ. ಮಾಸ್ಕ್ ಎಂದರೆ ಬದಲಾವಣೆಯನ್ನು ಬೇರೆಯಾಗಿ ಹಿಡಿದಿಡುವ ಒಂದು ಹೊದಿಕೆ. ಲೇಯರಿಗೆ ಮಾಸ್ಕ್ ಸೇರಿಸಿ, ಆ ಮಾಸ್ಕನ್ನು ಆಯ್ದುಕೊಂಡು ಬದಲಾವಣೆ ಮಾಡಿದರೆ ಮೂಲ ಚಿತ್ರ ಹಾಗೆಯೇ ಉಳಿಯುತ್ತದೆ, ಎಷ್ಟು ಸಲ ತಿದ್ದಿದರೂ ಲೆಕ್ಕ ಆ ಮೂಲದಿಂದಲೇ ಶುರುವಾಗುತ್ತದೆ. ಹಲವು ಲೇಯರುಗಳ ಗುಂಪಿಗೂ ಒಂದೇ ಮಾಸ್ಕ್ ಹಾಕಬಹುದಾದ್ದರಿಂದ, ಬಿಳಿ, ಕಪ್ಪು, ಹಳದಿ ಗೆರೆಗಳನ್ನು ಬೇರೆ ಬೇರೆ ಲೇಯರುಗಳಲ್ಲಿ ಬರೆಯುವವರಿಗೆ ಇದು ದೊಡ್ಡ ಉಪಕಾರ. ಪಿಕ್ಸೆಲ್‌ಗಳನ್ನು ಲೆಕ್ಕ ಹಾಕುವ ಬಗೆಯನ್ನು ಆರಿಸುವ ಫಿಲ್ಟರ್ ಆಯ್ಕೆಯಲ್ಲಿ ಬೈಕ್ಯೂಬಿಕ್ ಇರಲಿ. ಅಲ್ಲಿಯೇ ಇರುವ ನಿಯರೆಸ್ಟ್ ನೇಬರ್, ಚೌಕಗಳು ಎದ್ದುಕಾಣುವಂತೆ ಬರೆಯುವ ಪಿಕ್ಸೆಲ್ ಕಲೆಗೆ ಹೊಂದುತ್ತದೆ, ಆದರೆ ಓರೆ ಗೆರೆಗಳ ಅಂಚನ್ನು ಮೆಟ್ಟಿಲು ಮೆಟ್ಟಿಲಾಗಿಸುತ್ತದೆ.

ಕೊರತೆಯೂ ಇದೆ. ದೊಡ್ಡ ಅಳತೆಯ ಚಿತ್ರದಲ್ಲಿ ಮಾಸ್ಕುಗಳು ಹೆಚ್ಚಾದಂತೆ ಕಡಿಮೆ ಮೆಮೊರಿಯ ಲ್ಯಾಪ್‌ಟಾಪ್ ನಿಧಾನವಾಗುತ್ತದೆ. ವಾರ್ಪ್, ಕೇಜ್ ಮಾಡಿದ ಮಾಸ್ಕಿನ ಕೆಳಗೆ ಬರೆಯುವಾಗ ಗೆರೆ ತನ್ನ ಜಾಗಕ್ಕೆ ಬರಲು ತುಸು ಕಾಯಬೇಕು. ಬರೆಯುವಷ್ಟು ಹೊತ್ತು ಕಣ್ಣಿನ ಗುರುತು ಒತ್ತಿ ಮಾಸ್ಕನ್ನು ಮರೆಮಾಡಿಟ್ಟರೆ ಈ ತೊಂದರೆ ತಪ್ಪುತ್ತದೆ.

ಗೆರೆಗಳನ್ನು ಪಿಕ್ಸೆಲ್‌ಗಳ ಬದಲು ಗಣಿತದ ರೂಪದಲ್ಲಿ ಇಟ್ಟುಕೊಳ್ಳುವ ವೆಕ್ಟರ್ ಲೇಯರಿನಲ್ಲಿ ಬರೆದರೆ ಗೆರೆ ಮಸುಕಾಗುವ ಪ್ರಶ್ನೆಯೇ ಇಲ್ಲ, ನಿಜ. ಆದರೆ ನಾರಿನ ಕುಂಚದ ಒರಟುತನ ಅದರಲ್ಲಿ ಸಿಗುವುದಿಲ್ಲ, ಅದಿಲ್ಲದ ಚಿತ್ತಾರ ನನಗೆ ಒಪ್ಪಿಗೆಯಿಲ್ಲ. ಆದ್ದರಿಂದ ಸಾಮಾನ್ಯ ಪೇಂಟ್ ಲೇಯರಿನಲ್ಲೇ, ಗೋಡೆಯ ಮೇಲೆ ಬೇಕಾದ ಅಳತೆಗಿಂತ ತುಸು ದೊಡ್ಡದಾಗಿ ಬರೆದುಕೊಂಡು, ಆಮೇಲೆ ಮಾಸ್ಕಿನಲ್ಲಿ ಕುಗ್ಗಿಸುವುದು ಒಳ್ಳೆಯದು.