ಹುಬ್ಬಳ್ಳಿ–ಮಂಗಳೂರು ವಿಮಾನದಲ್ಲಿ 50 ನಿಮಿಷ ಅಂತ ಯಾರಾದ್ರೂ ತೋರಿಸಿದ್ರೆ ದುಡ್ಡು ಕೊಡೋ ಮುಂಚೆ ಇದನ್ನ ಓದಿ

ಹುಬ್ಬಳ್ಳಿ ಏರ್‌ಪೋರ್ಟಿಂದ ಮಂಗಳೂರು ಏರ್‌ಪೋರ್ಟಿಗೆ ದೂರ ಎಷ್ಟು ಅಂತ ನೆಟ್‌ನಲ್ಲಿ ಹುಡುಕಿದ್ರೆ ಸುಮಾರು 270 ಕಿಮೀ, 50 ನಿಮಿಷ ಅಂತ ದಪ್ಪ ಅಕ್ಷರದಲ್ಲಿ ಬರುತ್ತೆ. ಅದು ಯಾವ ಫ್ಲೈಟಿನ ಟೈಮೂ ಅಲ್ಲ ಮಾರಾಯ್ರೇ. ಮ್ಯಾಪ್ ಮೇಲೆ ನೇರ ಗೆರೆ ಎಳೆದು, ಆ ದೂರನ ದೊಡ್ಡ ಜೆಟ್ ಹೋಗೋ ಗಂಟೆಗೆ 800 ಕಿಮೀ ಲೆಕ್ಕದಲ್ಲಿ ಭಾಗಿಸಿ, ಏರೋಕೆ ಇಳಿಯೋಕೆ ಅಂತ ಅರ್ಧ ಗಂಟೆ ಸೇರಿಸಿ ಕಂಪ್ಯೂಟರ್ ಹಾಕಿರೋ ಲೆಕ್ಕ ಅಷ್ಟೇ. ಆ ಗೆರೆ ಮೇಲೆ ವಿಮಾನ ಹಾರುತ್ತೋ ಇಲ್ವೋ ಅದಕ್ಕೇನು ಗೊತ್ತು? ಸಣ್ಣ ಊರುಗಳಿಗೆ ವಿಮಾನ ಹಾರಿಸೋಕೆ ಕೇಂದ್ರ ಸರ್ಕಾರ ಮಾಡಿರೋ ಉಡಾನ್ ಸ್ಕೀಮಲ್ಲಿ ಸಬ್ಸಿಡಿ ಇರೋದೇ ಮೂರು ವರ್ಷ, ಆಮೇಲೆ ಎಷ್ಟೋ ಸಣ್ಣ ರೂಟ್ ನಿಂತೋಗುತ್ತೆ, ಈ ಪೇಜ್‌ಗಳು ಮಾತ್ರ ಹಾಗೇ ಇರುತ್ತೆ.

ನಮ್ಮೂರಿನ ಟ್ರಾವೆಲ್ ಏಜೆಂಟ್ ಒಬ್ಬ ಇದೇ ಪೇಜ್ ತೋರಿಸಿ "ಆರಾಮ್ ಸರ್, ಸಣ್ಣ ದೂರ" ಅಂದ. ಅಕ್ಕನ ಮಗಳಿಗೆ ಮಂಗಳೂರಲ್ಲಿ ಅಡ್ಮಿಷನ್, ಮಧ್ಯಾಹ್ನದೊಳಗೆ ಒರಿಜಿನಲ್ ಡಾಕ್ಯುಮೆಂಟ್ ತೋರಿಸ್ಬೇಕಿತ್ತು. ಟಿಕೆಟ್ ಕೈಗೆ ಬಂದಾಗ ನೋಡಿದ್ರೆ ನೇರ ಫ್ಲೈಟೇ ಇಲ್ಲ, ಬೆಂಗಳೂರು ಸುತ್ತಿ ಹೋಗ್ಬೇಕು, ಅಂದ್ರೆ ಆಗ್ನೇಯಕ್ಕೆ ಹತ್ರಹತ್ರ 370 ಕಿಮೀ ಹೋಗಿ ಮತ್ತೆ ಪಶ್ಚಿಮಕ್ಕೆ 300 ಚಿಲ್ಲರೆ ವಾಪಸ್, ಕೈ ಸುತ್ತಿ ಮೂಗು ಹಿಡಿದಂಗೆ. ಅದೂ ಹೋಗ್ಲಿ, ಅವನು ಎರಡು ಬೇರೆ ಬೇರೆ ಕಂಪನಿ ಟಿಕೆಟ್ ಮಾಡಿದ್ದ, ಎರಡು ಬೇರೆ ಪಿಎನ್ಆರ್, ಅಂದ್ರೆ ಬುಕಿಂಗ್ ನಂಬರ್. ಕೇಳಿದ್ದಕ್ಕೆ "ಕಮ್ಮಿಗೆ ಸಿಕ್ತು ಸರ್, ನಡುವೆ ಎರಡು ಗಂಟೆ ಗ್ಯಾಪ್ ಇದೆಯಲ್ಲ" ಅಂದ.

ಮೊದಲನೇ ಫ್ಲೈಟ್ ಮುಕ್ಕಾಲು ಗಂಟೆ ಲೇಟ್. ಬೆಂಗಳೂರಲ್ಲಿ ಇಳಿದು ಬೆಲ್ಟ್ ಹತ್ರ ನಿಂತ್ವಿ, ಯಾಕಂದ್ರೆ ಬೇರೆ ಪಿಎನ್ಆರ್ ಆದ್ರೆ ಲಗೇಜ್ ನಾವೇ ತಗೊಂಡು ಮತ್ತೆ ಚೆಕ್ಇನ್ ಮಾಡ್ಬೇಕು. ಬೆಲ್ಟ್ ತಿರುಗ್ತಾನೇ ಇದೆ, ಎಲ್ಲರ ಟ್ರಾಲಿ ಬಂತು, ನೀಲಿ ಪ್ಲಾಸ್ಟಿಕ್ ಹಗ್ಗ ಕಟ್ಟಿದ ನಮ್ಮ ಸೂಟ್‌ಕೇಸ್ ಮಾತ್ರ ಕೊನೇಲಿ ಬಂತು. ಇಳಿದಿದ್ದು ಟರ್ಮಿನಲ್ 1, ಮಂಗಳೂರು ಫ್ಲೈಟ್ ಇದ್ದಿದ್ದು ಟರ್ಮಿನಲ್ 2. ಶಟಲ್ ಬಸ್ ಹಿಡಿದು ಕೌಂಟರ್ ಮುಟ್ಟೋಷ್ಟರಲ್ಲಿ ಬ್ಯಾಗೇಜ್ ಕ್ಲೋಸ್. ವಿಮಾನ ಇನ್ನೂ ಅಲ್ಲೇ ನಿಂತಿದೆ, ನಾವು ಮಾತ್ರ ನೋ-ಶೋ, ಅಂದ್ರೆ ಬರಲೇ ಇಲ್ಲ ಅಂತ ಲೆಕ್ಕ. ಒಂದೇ ಪಿಎನ್ಆರ್ ಆಗಿದ್ರೆ ಮುಂದಿನ ಫ್ಲೈಟಿಗೆ ಹಾಕೋದು ಕಂಪನಿ ತಲೆನೋವಾಗಿರ್ತಿತ್ತು. ಸಂಜೆ ಫ್ಲೈಟಿಗೆ ಹೊಸ ಟಿಕೆಟ್ ತಗೊಂಡ್ವಿ, ರೇಟ್ ಹೇಳೋಕೂ ಹೊಟ್ಟೆ ಉರಿಯುತ್ತೆ. ಅಡ್ಮಿಷನ್ ಕೆಲಸ ಮರುದಿನಕ್ಕೆ ಹೋಯ್ತು, ಆ ಹುಡುಗಿ ದಾರಿಯುದ್ದಕ್ಕೂ ಫೈಲ್ ಅಪ್ಪಿಕೊಂಡು ಮಾತೇ ಆಡ್ಲಿಲ್ಲ.

ಹಾಗಾಗಿ ಕಿಲೋಮೀಟರ್ ಬಿಡಿ, ನಿಮ್ಮ ತಾರೀಕು ಹಾಕಿ ವಿಮಾನ ಕಂಪನಿ ಸೈಟಲ್ಲೇ ನಾನ್‌ಸ್ಟಾಪ್ ಇದೆಯಾ ನೋಡಿ. ಇಲ್ಲಾಂದ್ರೆ ರಾತ್ರಿ ಬಸ್ ಹತ್ತಿ, ಯಲ್ಲಾಪುರ ಅರಬೈಲು ಘಾಟಿ ಇಳಿದು ಅಂಕೋಲಾ ಮೇಲೆ 350 ಕಿಮೀ ಆಸುಪಾಸು, ಬೆಳಿಗ್ಗೆ ಅಲ್ಲಿರ್ತೀರಿ. ವಿಜಯಪುರ–ಮಂಗಳೂರು ರೈಲೂ ಹುಬ್ಬಳ್ಳಿ ಮೇಲೇ ಹೋಗುತ್ತೆ, ಹಾಸನ ಸುತ್ತಿ ನಿಧಾನ ಆದ್ರೂ ಮಲಗಿಕೊಂಡು ಹೋಗ್ಬಹುದು. ಮಳೆಗಾಲದಲ್ಲಂತೂ ಮಂಗಳೂರು ಏರ್‌ಪೋರ್ಟ್ ಇರೋ ಬಜ್ಪೆ ಗುಡ್ಡದ ಮೇಲೆ ಮೋಡ ಕೂತ್ರೆ ಫ್ಲೈಟ್ ಬೇರೆ ಕಡೆ ತಿರುಗಿಸ್ತಾರೆ, ಅದೇ ದಿನ ಅರ್ಜೆಂಟ್ ಕೆಲಸ ಇಟ್ಕೋಬೇಡಿ.

ಇನ್ನೊಂದು, ನೋ-ಶೋ ಆದ್ರೂ ಟಿಕೆಟಲ್ಲಿರೋ ಏರ್‌ಪೋರ್ಟ್ ಯೂಸರ್ ಫೀ ವಾಪಸ್ ಕೊಡ್ಲೇಬೇಕು ಅಂತ ವಿಮಾನ ಕಂಪನಿಗಳನ್ನ ನಿಯಂತ್ರಿಸೋ ಸರ್ಕಾರಿ ಸಂಸ್ಥೆ ಡಿಜಿಸಿಎ ರೂಲ್ ಇದೆ, ಕೇಳಿ ತಗೊಳ್ಳಿ. ನಮ್ಮ ಏಜೆಂಟ್ ಮೊದಲು "ಒಂದ್ರುಪಾಯಿನೂ ಬರಲ್ಲ" ಅಂದಿದ್ದ, ರೂಲ್ ತೋರಿಸಿದ್ಮೇಲೆ ಈಗ "ಪ್ರೊಸೆಸ್ ಆಗ್ತಿದೆ ಸರ್" ಅಂತಿದಾನೆ.