ವಕೀಲರ ಕಚೇರಿಗೆ ಬ್ಲಾಗ್ ಬರೆದುಕೊಡುವ ಸೇವೆ: ಆರು ತಿಂಗಳ ಅನುಭವ

ಧಾರವಾಡದ ನಮ್ಮ ವಕೀಲರ ಕಚೇರಿಯ ಬ್ಲಾಗ್ ಮತ್ತು ಫೇಸ್‌ಬುಕ್ ಪುಟವನ್ನು ಆರು ತಿಂಗಳ ಕಾಲ ಒಂದು ಮಾರ್ಕೆಟಿಂಗ್ ಸಂಸ್ಥೆಗೆ ವಹಿಸಿದ್ದೆವು. ಖಾತೆ ಬದಲಾವಣೆ, ಆಸ್ತಿ ಪಾಲು, ಚೆಕ್ ಬೌನ್ಸ್ ಆದಾಗ ನೋಟಿಸ್ ಕೊಡಲು ಇರುವ 30 ದಿನಗಳ ಗಡುವು, ಇಂಥ ವಿಷಯಗಳ ಮೇಲೆ ಅವರು ಸಿದ್ಧಪಡಿಸಿದ ಕನ್ನಡ ಲೇಖನಗಳು ನಿಜಕ್ಕೂ ಚೆನ್ನಾಗಿದ್ದವು. ಹಿರಿಯ ರೈತರೊಬ್ಬರು ಲೇಖನದ ಪ್ರಿಂಟ್ ತೆಗೆಸಿ, ಬೇಕಾದ ಸಾಲುಗಳಿಗೆ ಗೆರೆ ಎಳೆದುಕೊಂಡು ಬಂದಿದ್ದರು. ಆದರೆ ಐದನೆಯ ತಿಂಗಳಲ್ಲಿ ನಮ್ಮನ್ನು ಕೇಳದೆಯೇ ‘ಗೆಲುವು ಖಚಿತ, ಇಂದೇ ಕರೆ ಮಾಡಿ’ ಎಂಬ ಜಾಹೀರಾತು ಹಾಕಿದರು. ಭಾರತೀಯ ವಕೀಲರ ಪರಿಷತ್ತಿನ 36ನೆಯ ನಿಯಮವು ಜಾಹೀರಾತಿನ ಮೂಲಕ ವಕೀಲರು ಕೆಲಸ ಕೋರುವುದನ್ನು ನಿಷೇಧಿಸಿದ್ದು, 2008ರ ತಿದ್ದುಪಡಿಯೂ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ವಿದ್ಯಾರ್ಹತೆಯಂಥ ವಿವರಗಳಿಗಷ್ಟೇ ಅವಕಾಶ ಕೊಟ್ಟಿದೆ. ಕೂಡಲೇ ಅದನ್ನು ತೆಗೆಸಿದೆವು. ಬರವಣಿಗೆಗೆ ಈ ಸೇವೆಯನ್ನು ಪಡೆಯಬಹುದು. ಪುಟದ ಪಾಸ್‌ವರ್ಡ್ ಮಾತ್ರ ಕಚೇರಿಯಲ್ಲೇ ಇರಲಿ.