ಕರ್ಕ್ಯುಮಿನ್ ಎಷ್ಟು ಅಂಟುತ್ತದೆ? ನಾಲ್ಕೂವರೆ ವಿಧಾನಗಳ ಹೋಲಿಕೆ

ಬಿಳಿ ಪಂಚೆಗೆ ಅರಿಶಿನ ಅಂಟಿದರೆ ಏನು ಗತಿ ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅದೇ ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಪ್ರೋಟೀನಿಗೆ ಎಷ್ಟು ಬಿಗಿಯಾಗಿ ಅಂಟುತ್ತದೆ ಅಂತ ಅಳೆಯಲು ಹೋಗಿ ಮೈಸೂರಿನ ಲ್ಯಾಬಿನಲ್ಲಿ ನನ್ನ ಪಿಎಚ್‌ಡಿಯ ಎರಡು ವರ್ಷ ಕಳೆದವು. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮೆಷಿನ್‌ಗಳಿಗೆ ಕೇಳಿದೆ. ಉತ್ತರಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಯಾಕೆ ಅಂತ ತಿಳಿಯಲು ಇನ್ನಷ್ಟು ದಿನ ಬೇಕಾಯಿತು.

ಪ್ರೋಟೀನ್ ಬಿಎಸ್‌ಎ. ಹಸುವಿನ ರಕ್ತದ ಆಲ್ಬುಮಿನ್, 583 ಅಮೈನೋ ಆಮ್ಲ, ತೂಕ ಸುಮಾರು 66,000 ಡಾಲ್ಟನ್. ಅಗ್ಗ, ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಅದಕ್ಕೇ ಎಲ್ಲರೂ ಇದನ್ನೇ ಹಿಡಿಯುತ್ತಾರೆ. ಕರ್ಕ್ಯುಮಿನ್ ಜೊತೆಗೆ ವಾರ್ಫರಿನ್ ಅನ್ನೂ ಇಟ್ಟುಕೊಂಡೆ. ಅದು ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧ. ಆಲ್ಬುಮಿನ್‌ನಲ್ಲಿ ಅದು ಕೂರುವ ಜಾಗವನ್ನು 1975ರಲ್ಲೇ ಸಡ್ಲೋ ಮತ್ತು ಜೊತೆಗಾರರು ವಿವರಿಸಿದ್ದಾರೆ. ಹೀಗೆ ಉತ್ತರ ಗೊತ್ತಿರುವ ಅಣು ಒಂದು ಪಕ್ಕದಲ್ಲಿರಬೇಕು. ಇಲ್ಲದಿದ್ದರೆ ತಪ್ಪು ಮೆಷಿನ್‌ದೋ ನನ್ನದೋ ಗೊತ್ತಾಗುವುದೇ ಇಲ್ಲ.

ಅಳೆಯಬೇಕಾದ ಸಂಖ್ಯೆಗೆ ಕೆಡಿ ಅನ್ನುತ್ತೇವೆ. ಅರ್ಧದಷ್ಟು ಪ್ರೋಟೀನ್ ತುಂಬಿರುವಾಗ ಅಂಟದೆ ಇನ್ನೂ ಬಿಡಿಯಾಗಿ ಉಳಿದಿರುವ ಅಣುವಿನ (ಇಲ್ಲಿ ಕರ್ಕ್ಯುಮಿನ್ ಅಥವಾ ವಾರ್ಫರಿನ್) ಸಾಂದ್ರತೆ ಅದು. ಚಿಕ್ಕದಾದಷ್ಟೂ ಹಿಡಿತ ಬಿಗಿ.

ಮೊದಲು ಕೂತದ್ದು ಹೊಳಪು ಅಳೆಯುವ ಫ್ಲೋರಿಮೀಟರ್ ಮುಂದೆ. ಬಿಎಸ್‌ಎಯಲ್ಲಿ ಟ್ರಿಪ್ಟೊಫಾನ್ ಅನ್ನುವ ಅಮೈನೋ ಆಮ್ಲ ಎರಡು ಇವೆ. 295 ನ್ಯಾನೋಮೀಟರ್ ಬೆಳಕು ಬಿಟ್ಟರೆ 345ರ ಆಸುಪಾಸಿನಲ್ಲಿ ಹೊಳೆಯುತ್ತವೆ. ಅಣು ಹತ್ತಿರ ಬಂದು ಕೂತರೆ ಹೊಳಪು ಕುಗ್ಗುತ್ತದೆ. ಒಂದು ಕ್ಯೂವೆಟ್, ಒಂದು ಪಿಪೆಟ್, ಒಂದು ಬೆಳಗ್ಗೆ ಸಾಕು. ಮಧ್ಯಾಹ್ನದ ಊಟಕ್ಕೆ ಮುಂಚೆ ಗ್ರಾಫ್ ಕೈಯಲ್ಲಿ. ಅಷ್ಟು ಚೆಂದದ ಗ್ರಾಫ್ ಬೇರೆ ಯಾವ ಮೆಷಿನ್ನೂ ಕೊಡಲಿಲ್ಲ. ನನ್ನನ್ನು ಜಾಸ್ತಿ ಮೋಸ ಮಾಡಿದ್ದೂ ಅದೇ.

ಕರ್ಕ್ಯುಮಿನ್ ಹಳದಿ. ಅದರ ಮುಖ್ಯ ಹೀರಿಕೆ 425ರ ಹತ್ತಿರ ಇದ್ದರೂ ಬಾಲ 345ರ ಆಚೆಗೂ ಚಾಚಿದೆ. ಅಂದರೆ ಪ್ರೋಟೀನಿಗೆ ಅಂಟದೆ, ಸುಮ್ನೆ ದ್ರಾವಣದಲ್ಲಿ ತೇಲುತ್ತಿದ್ದರೂ ಅದು ಬೆಳಕನ್ನು ನುಂಗುತ್ತದೆ. ಒಳಹೋಗುವ ಬೆಳಕಿನಲ್ಲಿ 0.1, ಹೊರಬರುವ ಬೆಳಕಿನಲ್ಲಿ 0.1 ಹೀರಿಕೆ ಇದ್ದರೆ ಸಾಕು, ಹೊಳಪು ಶೇಕಡಾ 20ರಷ್ಟು ಇಳಿಯುತ್ತದೆ. ಅಂಟಿಕೆಯೇ ಇಲ್ಲದೆ! ಎರಡೂ ಹೀರಿಕೆ ಅಳೆದು, ಕೂಡಿಸಿ, ಅರ್ಧ ಮಾಡಿ, ಅದನ್ನು 10ರ ಮೇಲೆ ಘಾತವಾಗಿ ಹಾಕಿ, ಬಂದ ಸಂಖ್ಯೆಯಿಂದ ಹೊಳಪನ್ನು ಗುಣಿಸಬೇಕು. ನಾನು ಮೊದಲ ಮೂರು ತಿಂಗಳು ಇದನ್ನು ಮಾಡಿರಲಿಲ್ಲ. ಸರಿಪಡಿಸಿ ಮತ್ತೆ ಲೆಕ್ಕ ಹಾಕಿದಾಗ ನನ್ನ 'ಬಿಗಿ ಹಿಡಿತ' ಸಾಕಷ್ಟು ಸಡಿಲವಾಯಿತು. ಆ ದಿನ ಸಂಜೆ ಕುಕ್ಕರಹಳ್ಳಿ ಕೆರೆಗೆ ಎರಡು ಸುತ್ತು ಹಾಕಿದೆ.

ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಪ್ರೋಟೀನ್ ಬಿಟ್ಟು ಬರೀ ಟ್ರಿಪ್ಟೊಫಾನ್ ದ್ರಾವಣಕ್ಕೆ ಅದೇ ಪ್ರಮಾಣದ ಕರ್ಕ್ಯುಮಿನ್ ಹಾಕಿ ನೋಡಿ. ಅದರ ಹೊಳಪೂ ಅಷ್ಟೇ ಇಳಿದರೆ ನೀವು ಅಳೆಯುತ್ತಿರುವುದು ಅಂಟಿಕೆಯನ್ನಲ್ಲ, ಬಣ್ಣವನ್ನು. ಇನ್ನೊಂದು ಮಾತು. ಹೊಳಪಿನ ಇಳಿಕೆ, ಅಣುವಿನ ಸಾಂದ್ರತೆ ಎರಡರ ಲಾಗ್ ತೆಗೆದು ಹಾಕುವ ಡಬಲ್ ಲಾಗ್ ಗ್ರಾಫಿನ ಇಳಿಜಾರು 1 ಬಂದರೆ 'ಒಂದೇ ಜಾಗ' ಅಂತ ಬರೆದುಬಿಡುವ ಪದ್ಧತಿ ಇದೆ. ಅದು ಜಾಗಗಳ ಎಣಿಕೆಯೇ ಅಲ್ಲ. ಇದನ್ನು ಎಷ್ಟು ಪೇಪರ್‌ಗಳಲ್ಲಿ ನೋಡಿ ಬೇಸರಪಟ್ಟಿದ್ದೇನೋ ಲೆಕ್ಕವಿಲ್ಲ.

ಫ್ಲೋರಿಮೀಟರನ್ನು ಮೂಲೆಗೆ ಹಾಕಿ ಅಂತ ನಾನು ಹೇಳುತ್ತಿಲ್ಲ. ಪ್ರೋಟೀನಿನ ಹೊಳಪು ಕುಗ್ಗುವುದನ್ನು ಬಿಟ್ಟು ಅಣುವಿನ ಹೊಳಪು ಏರುವುದನ್ನು ನೋಡಿ. ವಾರ್ಫರಿನ್, ಕರ್ಕ್ಯುಮಿನ್ ಎರಡೂ ನೀರಿನಲ್ಲಿ ಮಂಕಾಗಿದ್ದು ಆಲ್ಬುಮಿನ್ ಒಳಗೆ ಹೋದರೆ ಜೋರಾಗಿ ಹೊಳೆಯುತ್ತವೆ. ನನಗೆ ನಂಬಿಕೆ ಹುಟ್ಟಿಸಿದ ಮೊದಲ ಸಂಖ್ಯೆ ಈ ದಾರಿಯಲ್ಲೇ ಬಂತು.

ಡಯಾಲಿಸಿಸ್ ಅಜ್ಜನ ಕಾಲದ ವಿಧಾನ ಅಂತ ನಗುತ್ತಾರೆ. ಪೊರೆಯ ಒಂದು ಕಡೆ ಪ್ರೋಟೀನ್, ಇನ್ನೊಂದು ಕಡೆ ಬರೀ ಬಫರ್ (ಪಿಎಚ್ ಕದಲದಂತೆ ಹಿಡಿಯುವ ಉಪ್ಪಿನ ದ್ರಾವಣ). ಅಣು ಎರಡೂ ಕಡೆ ಓಡಾಡಬಹುದು, ಪ್ರೋಟೀನ್ ದಾಟಲಾರದು. ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಎರಡೂ ಕಡೆ ಅಳೆದರೆ ಆಯಿತು. ಇದರಲ್ಲಿ ಊಹೆ ಕಡಿಮೆ, ಅದಕ್ಕೇ ನನಗೆ ಇಷ್ಟ. ವಾರ್ಫರಿನ್ ಇಲ್ಲಿ ಹೇಳಿದ ಮಾತು ಕೇಳಿತು. ಒಂದು ರಾತ್ರಿ ಕರೆಂಟ್ ಹೋಗಿ ಶೇಕರ್ ನಿಂತಿತ್ತು, ಆ ಒಂದು ಸಲ ಬಿಟ್ಟರೆ.

ಕರ್ಕ್ಯುಮಿನ್ ಮಾತ್ರ ಇಲ್ಲೂ ಆಟ ಆಡಿಸಿತು. ಅದು ಪೊರೆಗೇ ಅಂಟುತ್ತದೆ. ಪೊರೆ ಹಳದಿಯಾಗಿದ್ದು ಕಣ್ಣಿಗೇ ಕಾಣುತ್ತಿತ್ತು. ಇನ್ನೂ ದೊಡ್ಡ ತೊಂದರೆ ಬೇರೆ ಇತ್ತು. ಪಿಎಚ್ 7.2ರ ಫಾಸ್ಫೇಟ್ ಬಫರಿನಲ್ಲಿ ಬಿಡಿ ಕರ್ಕ್ಯುಮಿನ್ ಅರ್ಧ ಗಂಟೆಯಲ್ಲಿ ಸುಮಾರು ಶೇಕಡಾ 90ರಷ್ಟು ಒಡೆದುಹೋಗುತ್ತದೆ. ಆಲ್ಬುಮಿನ್ ಒಳಗಿದ್ದರೆ ಬಹಳ ಹೊತ್ತು ಉಳಿಯುತ್ತದೆ. ಹೀಗಾಗಿ ಬೆಳಗ್ಗೆ ನೋಡಿದರೆ ಪ್ರೋಟೀನ್ ಕಡೆ ಹಳದಿ, ಬಫರ್ ಕಡೆ ಬರೀ ನೀರು. 'ಅಬ್ಬಾ, ಎಂಥ ಹಿಡಿತ!' ಅನ್ನಿಸುತ್ತದೆ. ಹಿಡಿತ ಅಲ್ಲ, ಆ ಕಡೆ ಇದ್ದದ್ದು ಸತ್ತುಹೋಗಿದೆ ಅಷ್ಟೆ.

ಇನ್ನು ಐಟಿಸಿ, ಅಂದರೆ ಐಸೋಥರ್ಮಲ್ ಟೈಟ್ರೇಶನ್ ಕ್ಯಾಲರಿಮೆಟ್ರಿ. ನಮ್ಮಲ್ಲಿ ಇರಲಿಲ್ಲ, ಬೆಂಗಳೂರಿಗೆ ಹೋಗಬೇಕಿತ್ತು. ಬೆಳಗಿನ ರೈಲಿನಲ್ಲಿ ಐಸ್ ಡಬ್ಬಿ ತೊಡೆ ಮೇಲೆ ಇಟ್ಟುಕೊಂಡಿದ್ದೆ. ಮಂಡ್ಯದಲ್ಲಿ ಹತ್ತಿದ ಅಜ್ಜಿಯೊಬ್ಬರು, "ಏನವ್ವಾ ಅದು, ಮೀನಾ?" ಅಂದರು. "ಇಲ್ಲ ಅಜ್ಜಿ, ಹಸು ರಕ್ತದ ಪ್ರೋಟೀನು" ಅಂದೆ. ಮದ್ದೂರು ಬರುವಷ್ಟರಲ್ಲಿ ಅವರು ಬೇರೆ ಸೀಟಿನಲ್ಲಿದ್ದರು.

ಐಟಿಸಿ ಅಳೆಯುವುದು ಶಾಖವನ್ನು. ಸುಮಾರು 200 ಮೈಕ್ರೋಲೀಟರಿನ ಕೋಶದಲ್ಲಿ (ಮೆಷಿನ್ ಒಳಗಿನ ಪುಟ್ಟ ಪಾತ್ರೆ) ಪ್ರೋಟೀನ್, 40 ಮೈಕ್ರೋಲೀಟರಿನ ಸಿರಿಂಜಿನಲ್ಲಿ ಅಣು. ಎರಡೆರಡು ಮೈಕ್ರೋಲೀಟರ್ ಚುಚ್ಚಿದಾಗಲೆಲ್ಲ ಬಿಡುಗಡೆಯಾಗುವ ಅಥವಾ ಹೀರುವ ಶಾಖವನ್ನು ಅದು ಬರೆದುಕೊಳ್ಳುತ್ತದೆ. ಒಂದೇ ಓಟದಲ್ಲಿ ಹಿಡಿತ, ಶಾಖ, ಎಷ್ಟು ಅಣು ಕೂತವು ಅನ್ನುವ ಲೆಕ್ಕ, ಮೂರೂ ಸಿಗುತ್ತವೆ. ಬಣ್ಣ ಬೇಕಿಲ್ಲ, ಹೊಳಪು ಬೇಕಿಲ್ಲ. ಆದರೆ ಪ್ರೋಟೀನ್ ಜಾಸ್ತಿ ಕುಡಿಯುತ್ತದೆ. ಕೋಶದಲ್ಲಿನ ಪ್ರೋಟೀನಿನ ಸಾಂದ್ರತೆ ಕೆಡಿಯ ಹತ್ತು ಪಟ್ಟಾದರೂ ಇದ್ದರೆ ಗೆರೆ ಚೆನ್ನಾಗಿ ಬಳುಕುತ್ತದೆ. ವಾರ್ಫರಿನ್‌ಗೆ 50 ಮೈಕ್ರೋಮೋಲಾರ್ ಬಿಎಸ್‌ಎ ಹಾಕಿದೆ, ಗೆರೆ ಬಂತು. ಡಯಾಲಿಸಿಸ್ ಹೇಳಿದ್ದಕ್ಕೆ ಹತ್ತಿರದ ಸಂಖ್ಯೆಯೇ ಬಂತು. ಖುಷಿಯಿಂದ ಕುಣಿಯುವುದೊಂದು ಬಾಕಿ.

ಕರ್ಕ್ಯುಮಿನ್ ನೀರಿನಲ್ಲಿ ಅಷ್ಟು ಕರಗುವುದೇ ಇಲ್ಲ. ಸಿರಿಂಜಿಗೆ ಬೇಕಾದ ಸಾಂದ್ರತೆ ಕನಸಿನ ಮಾತು. ಅದಕ್ಕೇ ಉಲ್ಟಾ ಮಾಡಿದೆ. ಕೋಶದಲ್ಲಿ ತೆಳು ಕರ್ಕ್ಯುಮಿನ್, ಸಿರಿಂಜಿನಲ್ಲಿ ಬಿಎಸ್‌ಎ. ಆಗ ಕರ್ಕ್ಯುಮಿನ್ ಕರಗಿಸಲು ಹಾಕುವ ದ್ರಾವಕ ಡಿಎಂಎಸ್‌ಒ ಕಾಟ ಶುರುವಾಯಿತು. ಎರಡೂ ಕಡೆ ಅದರ ಪ್ರಮಾಣ ಕೂದಲೆಳೆಯಷ್ಟು ಬೇರೆಯಾದರೂ ಬೆರೆಯುವ ಶಾಖವೇ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಪ್ರೋಟೀನನ್ನು ಡಯಾಲಿಸಿಸ್ ಮಾಡಿ, ಆ ಹೊರಗಿನ ಬಫರಿನಲ್ಲೇ ಕರ್ಕ್ಯುಮಿನ್ ಮಾಡಿ, ಎರಡಕ್ಕೂ ಒಂದೇ ಬಾಟಲಿಯಿಂದ ಡಿಎಂಎಸ್‌ಒ ಹಾಕಬೇಕು. ಟ್ರಿಸ್ ಬಫರ್ ಬೇಡ. ಪ್ರೋಟಾನ್ ಕೊಟ್ಟು ತೆಗೆದುಕೊಳ್ಳುವಾಗ ಅದರ ಶಾಖ ದೊಡ್ಡದು, ಫಾಸ್ಫೇಟಿನದು ಚಿಕ್ಕದು. ಇಷ್ಟೆಲ್ಲ ಮಾಡಿದ ಮೇಲೂ ನನಗೆ ಸಿಕ್ಕಿದ್ದು ಕುಂಟುವ ಗೆರೆ. ಆದರೂ ಐಟಿಸಿ ಮೇಲೆ ಕೋಪ ಬರಲಿಲ್ಲ. 'ನಿನ್ನ ಸ್ಯಾಂಪಲ್ ಸರಿ ಇಲ್ಲ' ಅಂತ ಮುಖಕ್ಕೆ ಹೊಡೆದಂತೆ ಹೇಳಿತು. ಫ್ಲೋರಿಮೀಟರ್ ಅದನ್ನು ಎಂದೂ ಹೇಳಿರಲಿಲ್ಲ.

ಎಸ್‌ಪಿಆರ್ ನಾಲ್ಕನೆಯದು, ಪೂರ್ತಿ ಹೆಸರು ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್. ಮೇಲ್ಮೈಗೆ ಏನಾದರೂ ಅಂಟಿದ್ದನ್ನು ಬೆಳಕಿನಿಂದ ಹಿಡಿಯುವ ಮೆಷಿನ್. ತೆಳು ಚಿನ್ನದ ಪದರದ ಮೇಲೆ ಪ್ರೋಟೀನ್ ಕಟ್ಟಿಹಾಕಿ, ಮೇಲೆ ಅಣುವಿನ ದ್ರಾವಣ ಹರಿಸುತ್ತಾರೆ. ಅಂಟುವ ವೇಗ, ಬಿಡುವ ವೇಗ ಎರಡನ್ನೂ ನೋಡಬಹುದು. ಅದೇ ಇದರ ಹೆಗ್ಗಳಿಕೆ. ಆದರೆ ನನ್ನ ಅಣುಗಳು ಪುಟಾಣಿ. ಆ ಚಿನ್ನದ ಚಿಪ್ ಮೇಲೆ 10,000 ಯೂನಿಟ್ (ಮೆಷಿನ್ ಕೊಡುವ ಸಿಗ್ನಲಿನ ಅಳತೆ) ಬಿಎಸ್‌ಎ ಕೂರಿಸಿದರೂ 368 ಡಾಲ್ಟನಿನ ಕರ್ಕ್ಯುಮಿನ್ ಒಂದು ಜಾಗ ತುಂಬಿದಾಗ ಸಿಗುವುದು 55 ಯೂನಿಟ್ ಸಿಗ್ನಲ್. ಅದರ ಮೇಲೆ ಡಿಎಂಎಸ್‌ಒ ಏರಿಳಿತ, ಟ್ಯೂಬಿಗೆ ಅಂಟುವ ಹಳದಿ. ವಾರ್ಫರಿನ್ ಬಂದಷ್ಟೇ ಬೇಗ ಹೋಗಿಬಿಟ್ಟಿತು, ಗೆರೆ ಡಬ್ಬಿಯ ಆಕಾರ. ವೇಗ ಓದಲು ಏನೂ ಉಳಿಯಲಿಲ್ಲ. ನಾನು ಹಣ ಕೊಟ್ಟ ಗುಣವೇ ನನಗೆ ದಕ್ಕಲಿಲ್ಲ. ಪ್ರತಿಕಾಯದಂಥ ದೊಡ್ಡ, ನಿಧಾನಕ್ಕೆ ಬಿಡುವ ಅಣು ಇದ್ದವರು ಇದಕ್ಕೇ ಹೋಗಲಿ.

ಉಳಿದ ಅರ್ಧ ಅಂದರೆ ಥರ್ಮಲ್ ಶಿಫ್ಟ್. ಅಣು ಅಂಟಿದರೆ ಪ್ರೋಟೀನ್ ಬಿಚ್ಚಿಕೊಳ್ಳುವ ಉಷ್ಣತೆ ಬದಲಾಗುತ್ತದೆಯೇ ಅಂತ ನೋಡುವುದು. ಬಿಚ್ಚಿಕೊಂಡ ಪ್ರೋಟೀನಿಗೆ ಅಂಟಿ ಹೊಳೆಯುವ ಸೈಪ್ರೋ ಆರೆಂಜ್ ಬಣ್ಣ ಹಾಕಿ ಪಿಸಿಆರ್ ಮೆಷಿನ್‌ನಲ್ಲಿ ಪ್ರೋಟೀನ್ ಕಾಯಿಸುವುದು. ಬೇರೆ ಪ್ರೋಟೀನ್‌ಗಳಿಗೆ ಚೆನ್ನಾಗಿದೆ. ಬಿಎಸ್‌ಎ ಮಾತ್ರ ಬಿಸಿಯಾಗುವ ಮುಂಚೆಯೇ ಆ ಬಣ್ಣವನ್ನು ಬಾಚಿ ತಬ್ಬಿಕೊಳ್ಳುತ್ತದೆ, ಗೆರೆ ಶುರುವಿನಲ್ಲೇ ಮೇಲಿರುತ್ತದೆ. ಒಂದು ಮಧ್ಯಾಹ್ನಕ್ಕೇ ಬಿಟ್ಟೆ.

ಕೊನೆಗೆ ಥೀಸಿಸಿನಲ್ಲಿ ವಾರ್ಫರಿನ್‌ಗೆ ಮೂರು ವಿಧಾನಗಳ ಸಂಖ್ಯೆ ಪಕ್ಕಪಕ್ಕ ಹಾಕಿದೆ. ಕರ್ಕ್ಯುಮಿನ್‌ಗೆ ಅದರದೇ ಹೊಳಪಿನಿಂದ ಬಂದ ಒಂದು ಸಂಖ್ಯೆ ಕೊಟ್ಟು, ದ್ರಾವಣ ಮಾಡಿದ ಎಷ್ಟು ನಿಮಿಷದೊಳಗೆ ಅಳೆದೆ ಅಂತ ಕೆಳಗೆ ಬರೆದೆ. ಗೈಡ್ ಆ ಸಾಲನ್ನು ತೆಗೆಯಲು ಹೇಳಿದರು, ನಾನು ತೆಗೆಯಲಿಲ್ಲ. ಹೋದ ವಾರ ಹೊಸ ಹುಡುಗಿಯೊಬ್ಬಳು ಈರುಳ್ಳಿಯ ಕ್ವೆರ್ಸೆಟಿನ್ ಹಿಡಿದುಕೊಂಡು ಬಂದು, "ಅಕ್ಕಾ, ಫ್ಲೋರಿಮೀಟರ್ ಖಾಲಿ ಇದೆಯಾ?" ಅಂದಳು. ಅದೂ ಹಳದಿಯೇ. ಟ್ರಿಪ್ಟೊಫಾನ್ ಬಾಟಲಿ ಯಾವ ಶೆಲ್ಫಿನಲ್ಲಿದೆ ಅಂತ ಮೊದಲು ತೋರಿಸಿದೆ.